ನೀರ್ಗುಬ್ಬಿ ಸಾಕಿದ ಸರ್

ದೇವದುರ್ಗದ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸರ್ ತರಗತಿಗೆ ಹೊರಟರೆ ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ, ಎಲುಬು ಇರುತ್ತಿತ್ತು. ಆಡಿನ ದವಡೆ, ಕೋಳಿಯ ತೊಡೆಮೂಳೆ, ಒಮ್ಮೊಮ್ಮೆ ಎಮ್ಮೆಯ ಬೆನ್ನುಮಣಿ. ಸಣ್ಣದಾದರೆ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು ಬರುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಸ್ಟಾಫ್ ರೂಮಿನಲ್ಲಿ ಅವರ ಪಕ್ಕ ಕೂತು ಬುತ್ತಿ ಬಿಚ್ಚಿದವಳು, ಆ ಜೇಬು ಕಂಡು ರೊಟ್ಟಿ ಗಂಟು ಎತ್ತಿಕೊಂಡು ಕಿಟಕಿಯ ಕಡೆ ಹೋಗಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಕುದಿಸಿ ತೊಳ್ದೀನ್ರಿ ಟೀಚರ್, ನಿಮ್ಮ ತಾಟಿಗಿಂತ ಸ್ವಚ್ಛ ಅದ," ಎಂದು ತಮ್ಮ ಪಾಡಿಗೆ ಊಟ ಮಾಡಿದರು.

ಹೋದ ತಿಂಗಳು ಅವರು ತೀರಿಕೊಂಡರು. ಅವರ ಮನೆಯವರನ್ನು ಮಾತಾಡಿಸಿ ಬಂದ ಮೇಲೆ ಏನಾದರೂ ಬರೆದಿಡಬೇಕು ಅನಿಸಿತು. ಹೆಸರು ಬರೆಯುವುದಿಲ್ಲ. ಹತ್ತು ವರ್ಷ ಕೂತು ಬರೆದ ಪುಸ್ತಕದ ಮೇಲೂ ಹೆಸರು ಹಾಕಿಕೊಳ್ಳದ ಮನುಷ್ಯ ಅವರು. ನಾನು ಹಾಕಿದರೆ ಒಪ್ಪುತ್ತಿರಲಿಲ್ಲ.

ನಾನು ಹೊಲಿಗೆ ಟೀಚರ್. ಎಪ್ಪತ್ತರ ದಶಕದ ನಡುವಿನಲ್ಲಿ ಆ ಶಾಲೆಗೆ ಬಂದಾಗ ನನಗೆ ಕೊಟ್ಟದ್ದು ಪ್ರಯೋಗಶಾಲೆಯ ಅರ್ಧ ಕೋಣೆ. ನಡುವೆ ಒಂದು ಗೋಣಿಚೀಲದ ಪರದೆ. ಈ ಕಡೆ ನನ್ನ ಎರಡು ಮಿಷನ್ನು, ಆ ಕಡೆ ಅವರ ಗಾಜಿನ ಭರಣಿಗಳು. ಒಮ್ಮೆ ಕಿಟಕಿಯಲ್ಲಿ ಸತ್ತ ಮುಂಗುಸಿಯೊಂದನ್ನು ಒಣಗಲು ಇಟ್ಟು ನಾಲ್ಕು ದಿನ ಮರೆತಿದ್ದರು. ಐದನೆಯ ದಿನ ಹೆಡ್‌ಮಾಸ್ತರರೇ ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಂದರು. ಮನೆಯಲ್ಲಿಯೂ ಇದೇ ಕಥೆ. ಅವರ ಮನೆಯವರು ಅಡಿಗೆಯ ಪಾತ್ರೆಗಳಿಗೆಲ್ಲ ಕೆಂಪು ದಾರ ಕಟ್ಟಿಟ್ಟಿದ್ದರು; ದಾರ ಇದ್ದದ್ದರಲ್ಲಿ ಎಲುಬು ಕುದಿಸುವಂತಿಲ್ಲ. "ಈ ಮನ್ಯಾಗ ಸತ್ತ ಪ್ರಾಣಿಗೆ ಇರೋ ಮರ್ಯಾದಿ ಇದ್ದೋರಿಗಿಲ್ಲ ನೋಡವ್ವಾ," ಎಂದು ನನ್ನ ಮುಂದೆ ಹೇಳುತ್ತಲೇ ಅವರಿಗೆ ಎರಡನೆಯ ಸಲ ಚಹಾ ಬಸಿದು ಕೊಡುತ್ತಿದ್ದರು.

ಪುಸ್ತಕ ಶುರುವಾದದ್ದು ಒಂದು ಹುಡುಗಿಯ ಪ್ರಶ್ನೆಯಿಂದ. ಹತ್ತನೆಯ ತರಗತಿಗೆ ಜೀವವಿಕಾಸದ ಪಾಠ ನಡೆದಿತ್ತು. ಕುದುರೆಯ ಕಾಲಿನ ಬೆರಳುಗಳು ಒಂದೊಂದಾಗಿ ಹೇಗೆ ಕಡಿಮೆಯಾದವು ಎಂದು ಬೋರ್ಡಿನ ಮೇಲೆ ಬರೆದು ಮುಗಿಸಿದ್ದರು. ಪರದೆಯ ಈಚೆ ಕೂತ ನನಗೂ ಕೇಳಿಸಿತು. ಆ ಹುಡುಗಿ ಎದ್ದು ನಿಂತು, "ಹಂಗಾದ್ರ ಕುದುರಿ ಇಲ್ಲಿಗೇ ನಿಂತ್ತೇನ್ರೀ ಸರ್?" ಎಂದಳು. ತರಗತಿ ನಕ್ಕಿತು. ಸರ್ ನಗಲಿಲ್ಲ. ಗಂಟೆ ಹೊಡೆದ ಮೇಲೂ ಬೋರ್ಡಿನ ಮುಂದೆ ನಿಂತೇ ಇದ್ದರು. ಮರುದಿನ ಇನ್ನೂರು ಪುಟದ ಒಂದು ನೋಟುಬುಕ್ಕು ತಂದು ನನ್ನ ಮೇಜಿನ ಮೇಲಿಟ್ಟು, "ಇದಕ್ಕ ಗಟ್ಟಿ ರಟ್ಟು ಹಾಕಿ ಹೊಲ್ದು ಕೊಡ್ರಿ. ಬಾಳ ದಿನ ಬರಬೇಕು," ಎಂದರು.

ನಮ್ಮ ಸೀಮೆಯಲ್ಲಿ ಲಕ್ಷ ಲಕ್ಷ ವರ್ಷ ಕಳೆದ ಮೇಲೆ ಯಾವ ಯಾವ ಪ್ರಾಣಿ ಇರುತ್ತವೆ ಎಂದು ಯೋಚಿಸಿ ಬರೆಯುವ ಪುಸ್ತಕ ಅದು. ಒಬ್ಬರೇ ಬರೆದರೆ ಒಬ್ಬರ ತಲೆಯ ಪ್ರಾಣಿಗಳೇ ಬರುತ್ತವೆ ಎಂದು ಇನ್ನಿಬ್ಬರನ್ನು ಸೇರಿಸಿಕೊಂಡರು. ಮಾನ್ವಿಯ ದನದ ದವಾಖಾನೆಯ ಕಂಪೌಂಡರು, ಹೊಟ್ಟೆ ಕರುಳಿನ ವಿಷಯಕ್ಕೆ. ರಾಯಚೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಖಾಸಿಂ ಸಾಹೇಬರು, ಚಿತ್ರಕ್ಕೆ. ಪುಸ್ತಕ ಹೊಲಿದ ತಪ್ಪಿಗೆ ನಾಲ್ಕನೆಯವಳು ನಾನು.

ಪುಸ್ತಕ ಒಂದು ಊರಿನಲ್ಲಿ ಒಂದು ವಾರ ಇದ್ದು ಮುಂದಿನ ಊರಿಗೆ ಹೋಗುತ್ತಿತ್ತು. ಉಳಿದ ಕುಬಸದ ಬಟ್ಟೆಗಳನ್ನು ಸೇರಿಸಿ ಅದಕ್ಕೊಂದು ಚೀಲ ಹೊಲಿದಿದ್ದೆ. ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ಸಿರವಾರದಲ್ಲಿ ಇನ್ನೊಂದು ಬಸ್ಸಿಗೆ ದಾಟಿಸುತ್ತಿದ್ದರು. ಪಂಚಾಂಗ ಇರಬೇಕೆಂದು ಭಕ್ತಿಯಿಂದ ಇಟ್ಟುಕೊಳ್ಳುತ್ತಿದ್ದ ಕಂಡಕ್ಟರೊಬ್ಬರು ಒಂದು ದಿನ ತಡೆಯಲಾರದೆ ಬಿಚ್ಚಿ ನೋಡಿದ್ದರು.

"ಟೀಚರ್, ಇದರಾಗ ಒಂದು ಗುಬ್ಬಿ ಮೊಳಕಾಲ್ತನ ನೀರಾಗ ನಿಂತದಲ್ರೀ, ಯಾವ ದೇಶದ್ದು?"

"ಸಿರವಾರದ್ದು."

"ನಾ ದಿನಾ ಎರಡು ಸಲ ಸಿರವಾರಕ್ಕ ಹೋಗ್ತೀನಿ. ಒಂದಿನಾನೂ ಕಂಡಿಲ್ಲ."

"ಅದಿನ್ನೂ ಹುಟ್ಟಿಲ್ರೀ."

ಆತ ಚೀಲವನ್ನು ಮೊದಲಿನಂತೆಯೇ ಗಂಟು ಕಟ್ಟಿ, "ಹುಟ್ಟಿದ ಮ್ಯಾಲ ಹೇಳ್ರಿ, ಬಸ್ ನಿಲ್ಲಿಸಿ ತೋರಸ್ತೀನಿ ಮಂದಿಗೆ," ಎಂದರು.

ಸರ್ ಹಾಕಿದ ಕಟ್ಟಳೆಗಳು ಕೆಲವೇ. ಆ ಕಾಲದಲ್ಲಿ ಮನುಷ್ಯ ಇಲ್ಲ. "ಮನುಷ್ಯ ಇದ್ರ ಲೆಕ್ಕ ಹತ್ತಂಗಿಲ್ರೀ, ಅವ ಎಲ್ಲಾದಕ್ಕೂ ಕೈ ಹಾಕ್ತಾನ," ಎನ್ನುತ್ತಿದ್ದರು. ಪ್ರತಿ ಪ್ರಾಣಿಗೂ ಈಗ ನಮ್ಮ ಕಣ್ಣಿಗೆ ಬೀಳುವ ಒಂದು ಹಿರಿಯ ಪ್ರಾಣಿ ಇರಬೇಕು. ಆಕಾಶದಿಂದ ಇಳಿಯುವ ಹಾಗಿಲ್ಲ. ಏನು ತಿನ್ನುತ್ತದೆ, ಮರಿಯನ್ನು ಎಲ್ಲಿ ಇಡುತ್ತದೆ, ಬೇಸಿಗೆಯಲ್ಲಿ ಎಲ್ಲಿ ನೀರು ಕುಡಿಯುತ್ತದೆ ಎಂದು ಬರೆಯಲೇಬೇಕು. ಆ ಪ್ರಾಣಿ ಬದುಕಲಾರದು ಎಂದು ಯಾರಾದರೂ ತೋರಿಸಿಕೊಟ್ಟರೆ, ಅದೇ ಹೊತ್ತಿಗೆ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಕೆಳಗೆ 'ತೀರಿಕೊಂಡಿತು' ಎಂದು ಬರೆಯಬೇಕು. 'ಸತ್ತಿತು' ಎಂದು ಬರೆಯಗೊಡುತ್ತಿರಲಿಲ್ಲ.

ನನ್ನ ಮೊದಲ ಪ್ರಾಣಿ ಒಂದು ಕತ್ತೆ. ಅಗಸರ ಓಣಿಯ ಕತ್ತೆಗಳನ್ನು ನೋಡಿ, ಮುಂದೆ ಅವುಗಳ ಕುತ್ತಿಗೆಯ ಕೆಳಗೆ ನೀರು ತುಂಬಿಕೊಳ್ಳುವ ಚೀಲ ಬರುತ್ತದೆ ಎಂದು ಎರಡು ಪುಟ ಬರೆದಿದ್ದೆ. ಸರ್ ಓದಿದರು.

"ಚೀಲ ತುಂಬಿದ ಮ್ಯಾಲ ಎಷ್ಟು ವಜ್ಜಿ ಆಗ್ತದ?"

"ಎರಡು ಕೊಡದಷ್ಟು ಇಟ್ಕೊಳ್ರಿ."

"ತೋಳ ಬಂದಾಗ ಎರಡು ಕೊಡ ಹೊತ್ಕೊಂಡು ನೀವು ಓಡ್ತೀರೇನು?"

ಅವರು ಕೆಂಪು ಪೆನ್ಸಿಲು ನನ್ನ ಕೈಗೇ ಕೊಟ್ಟರು. ನಾನು ಗೆರೆ ಎಳೆದ ಮೇಲೆ, "ನಿಮ್ಮ ಕತ್ತಿ ತೀರಿಕೊಂಡದ. ಒಂದು ಚಾ ಕುಡೀರಿ," ಎಂದು ಜವಾನನನ್ನು ಕರೆದರು. ಎರಡು ದಿನ ನನಗೆ ಊಟ ರುಚಿಸಲಿಲ್ಲ. ಕಂಪೌಂಡರ ಪಾಡು ಇನ್ನೂ ಕಷ್ಟದ್ದು. ಸರ್ ಅವರ ಮಗಳ ಮದುವೆಗೆ ಹೋಗಿ, ಅಕ್ಷತೆ ಹಾಕಿ, ಊಟದ ಪಂಕ್ತಿಯಲ್ಲಿಯೇ ಅವರ ಮೂರು ಪ್ರಾಣಿಗಳು ಬದುಕುವುದಿಲ್ಲವೆಂದು ತೋರಿಸಿ ಬಂದಿದ್ದರು. ಕಂಪೌಂಡರು ಒಂದು ತಿಂಗಳು ಪುಸ್ತಕವನ್ನು ಮುಂದಕ್ಕೆ ಕಳಿಸಲಿಲ್ಲ. ಅದೊಂದು ಅವರಲ್ಲಿದ್ದ ಒರಟುತನ. ನಿಜ ಹೇಳಲು ಹೊತ್ತುಗೊತ್ತು ನೋಡುತ್ತಿರಲಿಲ್ಲ.

ಆದರೆ ಬದುಕಿದ ಪ್ರಾಣಿಗಳನ್ನು ಅವರು ನೋಡಿಕೊಂಡ ರೀತಿ ಬೇರೆ. ರಾಯಚೂರಿನ ಕೋಟೆಗುಡ್ಡದ ಬಂಡೆಗಳ ಮೇಲೆ, ಚಪ್ಪಟೆ ಬಾಲವನ್ನು ಕೊಡೆಯಂತೆ ತಲೆಯ ಮೇಲೆ ಹಿಡಿದುಕೊಂಡು ಓಡಾಡುವ ನೆರಳಳಿಲು. ಕಾಲುವೆಯಲ್ಲಿ ಈಜುವ, ಕರುವಿನಷ್ಟು ದೊಡ್ಡ ಹೆಗ್ಗಣ. ಎಲ್ಲಕ್ಕಿಂತ ಅವರ ಜೀವ ಇದ್ದದ್ದು ನೀರ್ಗುಬ್ಬಿಯ ಮೇಲೆ. ಮನೆಯ ಜಂತಿಯ ಸಂದಿನಲ್ಲಿ ಗೂಡು ಕಟ್ಟುವ ಗುಬ್ಬಿಯೇ ಮುಂದೆ ಭತ್ತದ ಗದ್ದೆಗೆ ಇಳಿದು, ಕಾಲು ಉದ್ದವಾಗಿ, ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ನೀರಿನಲ್ಲಿ ನಡೆಯುವ ಹಕ್ಕಿ. ಮೂರನೆಯ ಪುಟದಲ್ಲಿ ಹುಟ್ಟಿದ್ದು ಹತ್ತು ವರ್ಷದಲ್ಲಿ ಹನ್ನೊಂದು ಜಾತಿಯಾಗಿತ್ತು. ಅದರ ಕೂಗು ಹೇಗಿರುತ್ತದೆ ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಕೂಗಿಯೂ ತೋರಿಸಿದ್ದರು, ಕಣ್ಣು ಮುಚ್ಚಿಕೊಂಡು. ಗಣಿತದ ಸರ್ ಚಹಾ ಚೆಲ್ಲಿಕೊಂಡರು. ಮಕ್ಕಳಿಲ್ಲದ ಮನೆ ಅವರದು. ಅವರ ಮನೆಯವರು, "ಹನ್ನೊಂದು ಮೊಮ್ಮಕ್ಕಳು ಆಗ್ಯಾವ ನೋಡು," ಎಂದು ನಗುತ್ತಿದ್ದರು.

ಅವರ ಸೇವೆಯ ಕೊನೆಯ ವರ್ಷ ರಾಯಚೂರಿನ ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಮ್ಮ ಪುಸ್ತಕ ಇಡಲು ಒಪ್ಪಿಗೆ ಬಂತು. ಹೊರಗಿನವರು ಅದನ್ನು ನೋಡುವುದು ಅದೇ ಮೊದಲು. ಸರ್ ಹೊಸ ಕನ್ನಡಕ ಮಾಡಿಸಿಕೊಂಡರು. ಖಾಸಿಂ ಸಾಹೇಬರು ಹಾರ್ಡ್‌ಬೋರ್ಡಿನ ಮೇಲೆ ದೊಡ್ಡ ದೊಡ್ಡ ಎಂಟು ಚಿತ್ರ ಬರೆಯತೊಡಗಿದರು. ಎಂಟರಲ್ಲಿ ಐದು ಭತ್ತದ ಸೀಮೆಯವು. ಸಿರವಾರದಿಂದ ಮಾನ್ವಿಯವರೆಗಿನ ಹಸಿರು ನೀರು, ಅದರ ತುಂಬ ನೀರ್ಗುಬ್ಬಿಗಳು.

ಆ ದೀಪಾವಳಿ ಸೂಟಿಗೆ ನಾನು ತವರಿಗೆ ಹೋದೆ, ಮಾನ್ವಿ ತಾಲೂಕಿನ ಕಲ್ಲೂರಿಗೆ. ನಮ್ಮಪ್ಪ ಕಾಲುವೆಯ ಗ್ಯಾಂಗ್‌ಮನ್. ತುಂಗಭದ್ರೆಯ ನೀರು ಬರುವ ಉಪಕಾಲುವೆಯೊಂದರ ದಂಡೆ ಕಾಯುವುದು, ಗೇಟು ಎತ್ತಿ ಇಳಿಸುವುದು, ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ ಗ್ಯಾಂಗಿನವರೊಡನೆ ಹೂಳು ತೆಗೆಯುವುದು ಅವನ ಕೆಲಸ. ಓದು ಬಾರದು. ಊಟವಾದ ಮೇಲೆ ಅಂಗಳದಲ್ಲಿ ಕೂತು ಅವನಿಗೆ ಪುಸ್ತಕ ಓದಿ ಹೇಳಿದೆ. ಹೆಗ್ಗಣಕ್ಕೆ ನಕ್ಕ. ನೀರ್ಗುಬ್ಬಿಗೆ ಬಂದಾಗ ಬೀಡಿ ಹಚ್ಚುವುದನ್ನು ಬಿಟ್ಟು ಕೇಳಿದ.

"ಮಂದಿ ಇಲ್ಲ ಅಂದಿ ಮೊದಲಿಗೆ?"

"ಹೂಂ. ಆವಾಗ ಒಬ್ಬರೂ ಇರಂಗಿಲ್ಲ ಯಪ್ಪಾ."

"ಹಂಗಾದ್ರ ಗೇಟ್ ಎತ್ತೋರು ಯಾರು?"

ನಾನು ಪುಟಗಳನ್ನು ಹಿಂದಕ್ಕೆ ಮುಂದಕ್ಕೆ ತಿರುವಿದೆ.

"ಗೇಟ್ ಮುಚ್ಚಿದ್ದಿದ್ರ ನೀರು ಬರಂಗಿಲ್ಲ. ತೆರದಿದ್ರ ಮೊದಲ ಮಳಿಗೇ ದಂಡಿ ಒಡೀತದ. ಎರಡು ವರ್ಷ ಹೂಳ ತೆಗೀಲಿಲ್ಲ ಅಂದ್ರ ಆಪು ಹುಲ್ಲು ಬೆಳದು ಕಾಲುವಿ ಮುಚ್ಚೇ ಹೋಗ್ತದ. ಕೊನಿ ಹೊಲಕ್ಕ ಹನಿ ನೀರು ಹೋಗಂಗಿಲ್ಲ. ಈ ಗುಬ್ಬಿ ಎಲ್ಲಿ ನಿಲ್ತದವ್ವಾ, ಬಿಸಲಾಗ?"

ಪುಸ್ತಕ ಮುಚ್ಚಿದೆ. ಗುಡ್ಡಗಳು ಸವೆಯುವುದನ್ನು ನಾವು ಲೆಕ್ಕ ಹಿಡಿದಿದ್ದೆವು. ಕೃಷ್ಣೆ ದಾರಿ ಬದಲಿಸುವುದನ್ನು ಸರ್ ನಕ್ಷೆ ಬರೆದು ತೋರಿಸಿದ್ದರು. ಕಾಲುವೆಯನ್ನು ಮಾತ್ರ, ಸೂರ್ಯ ಚಂದ್ರರ ಹಾಗೆ, ಇದ್ದೇ ಇರುತ್ತದೆಂದು ಬಿಟ್ಟಿದ್ದೆವು. ಅದೂ ಎಂಥವರು? ಸರ್ ಆಗಲಿ, ಕಂಪೌಂಡರಾಗಲಿ, ಕಾಲುವೆ ಬರುವ ಮೊದಲು ಅದೇ ಎರೆಭೂಮಿಯಲ್ಲಿ ಬರೀ ಜೋಳ ಹತ್ತಿ ನೋಡಿ ಬೆಳೆದವರು. ಮೂವತ್ತು ವರ್ಷ ನೀರು ಕಂಡು ಮರೆತುಬಿಟ್ಟಿದ್ದರು.

ದೇವದುರ್ಗಕ್ಕೆ ಮರಳುವ ಮೊದಲು ಮಾನ್ವಿಗೆ ಹೋಗಿ ಕಂಪೌಂಡರಿಗೆ ಹೇಳಿದೆ. ಅವರು ಸೂಜಿ ಕುದಿಸುವ ಡಬ್ಬಿಯ ಮುಚ್ಚಳ ಹಾಕಿ, ಅತ್ತಿತ್ತ ನೋಡಿದರು. "ಸುಮ್ಮನಿರ್ರಿ ಟೀಚರ್. ಪ್ರದರ್ಶನ ಮುಗೀಲಿ, ಮನುಷ್ಯ ಸುಖವಾಗಿ ರಿಟೈರ್ ಆಗ್ಲಿ. ಹತ್ತು ವರ್ಷದ ಕೆಲಸ ಅದು. ನಾವು ಹೇಳಲಿಲ್ಲ ಅಂದ್ರ ಯಾರಿಗೆ ತಿಳೀತದ?"

ಎಂಟು ದಿನ ಸುಮ್ಮನಿದ್ದೆ. ಪರದೆಯ ಆ ಕಡೆ ಅವರು ಪ್ರದರ್ಶನದ ಚೀಟಿಗಳನ್ನು ದುಂಡಗೆ ಬರೆಯುತ್ತ ಗುನುಗುತ್ತಿದ್ದರು. ನನ್ನ ಮಿಷನ್ನಿನ ಸೂಜಿ ಎರಡು ಸಲ ಮುರಿಯಿತು. ಒಂಬತ್ತನೆಯ ದಿನ ಅವರು, "ಟೀಚರ್, ನೀರ್ಗುಬ್ಬಿ ಬೋರ್ಡಿಗೆ ಒಂದು ಪರದಿ ಹೊಲೀರಿ, ಬಹುಮಾನ ಕೊಡೋ ಸಾಹೇಬ್ರು ಬಂದು ಸರಸಿ ನೋಡ್ಲಿ," ಎಂದು ನೀಲಿ ಬಟ್ಟೆ ತಂದಿಟ್ಟರು. ಅದಕ್ಕೆ ಕತ್ತರಿ ಹಾಕಲಾಗಲಿಲ್ಲ. ಹೇಳಿಬಿಟ್ಟೆ.

ಅವರು ಹೊಸ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

"ಯಾರು ಹೇಳಿದ್ರು?"

"ನಮ್ಮಪ್ಪ. ಓದಿದಾಂವ ಅಲ್ರೀ, ಕಾಲುವಿ ಗ್ಯಾಂಗ್‌ಮನ್."

"ಯಾವಾಗ ಹೇಳಿದ್ರು?"

"ದೀಪಾವಳಿಗಿ."

"ನಿಮ್ಮ ಕತ್ತಿಗೆ ನಾ ಎಂಟು ದಿನ ಕೊಟ್ಟಿದ್ನೇನು?" ಅಷ್ಟೇ ಅಂದದ್ದು. ಆಮೇಲೆ ದನಿ ಇಳಿಸಿ, "ಐತವಾರ ಅವರು ಮನ್ಯಾಗ ಇರ್ತಾರೇನ್ರೀ?" ಎಂದರು.

ಆ ಐತವಾರ ಸಿರವಾರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಕಲ್ಲೂರಿಗೆ ಹೋದೆವು. ಹೈಸ್ಕೂಲು ಸರ್ ಮನೆಗೆ ಬಂದದ್ದು ಕಂಡು ನಮ್ಮಪ್ಪ ಗಡಿಬಿಡಿಯಲ್ಲಿ ಪಕ್ಕದ ಮನೆಯಿಂದ ಕುರ್ಚಿ ತರಿಸಿದ. ಸರ್ ಹೊರಸಿನ ಮೇಲೆಯೇ ಕೂತು ರೊಟ್ಟಿ, ಪುಂಡಿಪಲ್ಯ ಉಂಡು, "ನಡೀರಿ ಯಜಮಾನ್ರೇ, ಕಾಲುವಿ ತೋರಸ್ರಿ," ಎಂದರು. ದಂಡೆಯ ಮೇಲೆ ನಮ್ಮಪ್ಪ ಮುಂದೆ, ಸರ್ ನೋಟುಬುಕ್ಕು ಹಿಡಿದು ಹಿಂದೆ. ಮೊದಲು ಎಲ್ಲಿ ಒಡೆಯುತ್ತದೆ, ಒಡೆದ ನೀರು ಎಲ್ಲಿ ನಿಲ್ಲುತ್ತದೆ, ಆಪು ಒಣಗಿದ ಮೇಲೆ ಏನು ಬೆಳೆಯುತ್ತದೆ, ಜಾಲಿ ಎಷ್ಟು ವರ್ಷಕ್ಕೆ ಹಬ್ಬುತ್ತದೆ. ಸರ್ ಕೇಳಿದ್ದಕ್ಕೆಲ್ಲ ಅವನು ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆದು ಹೇಳಿದ. ಕೊನೆಗೆ ಸರ್ ಹಳ್ಳದ ಕಡೆ ಕೈ ಮಾಡಿ, "ಅಲ್ಲ್ಯಾದ್ರೂ ಬೇಸಿಗ್ಯಾಗ ಒಂದೀಟು ನೀರು ಉಳೀತದೇನ್ರೀ?" ಎಂದು ಕೇಳಿದರು. ನಾನು ಬೇರೆ ಕಡೆ ನೋಡಿದೆ.

"ಇಲ್ರೀ ಸರ್," ಎಂದ ನಮ್ಮಪ್ಪ. "ನೀವು ದೂರದಿಂದ ಬಂದೀರಿ ಅಂತ ಸುಳ್ಳು ಹೇಳಾಕ ಬರಂಗಿಲ್ಲ."

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಪ್ರಯೋಗಶಾಲೆಯಲ್ಲಿ ಪುಸ್ತಕ ತೆರೆದು ಕೂತರು. ನಾನು ಪೆನ್ಸಿಲು ಕೆತ್ತಿ ಕೆತ್ತಿ ಕೊಟ್ಟೆ. ಗೆರೆ ಎಳೆಯುವುದಕ್ಕೆ ಅವರ ಕೈ ತಡೆಯಲಿಲ್ಲ. ಕೆಳಗೆ ಬರೆಯುವ ಮಾತಿಗೆ ತಡೆಯಿತು. "ತೀರಿಕೊಂಡಿತು ಅಂತ ಬರೆಯೋಹಂಗಿಲ್ರೀ ಟೀಚರ್," ಎಂದರು. "ಎರಡು ವರ್ಷಕ್ಕ ನೀರು ಹೋದ್ರ ಗುಬ್ಬಿ ಕಾಲು ಉದ್ದ ಆಗೋದು ಯಾವಾಗ? ಇದು ಹುಟ್ಟಂಗೇ ಇಲ್ಲ." ಒಂದೊಂದು ಪುಟದ ಕೆಳಗೂ 'ಹುಟ್ಟಲಿಲ್ಲ' ಎಂದು ಬರೆಯುತ್ತ ಹೋದರು. ಈಜುವ ಹೆಗ್ಗಣ ಹುಟ್ಟಲಿಲ್ಲ. ಹನ್ನೊಂದು ಗುಬ್ಬಿಗಳಲ್ಲಿ ಒಂದೂ ಹುಟ್ಟಲಿಲ್ಲ. ಮೂರನೆಯ ಪುಟವನ್ನು ಕೊನೆಗೆ ಇಟ್ಟುಕೊಂಡಿದ್ದರು. ಅದನ್ನು ಮುಗಿಸಿ ಪೆನ್ಸಿಲು ನನ್ನ ಕೈಗೆ ಕೊಟ್ಟು, ಹೊರಗಿನ ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದರು.

ಜಗಳಕ್ಕೆ ಬಂದವರು ಖಾಸಿಂ ಸಾಹೇಬರು. ರಾಯಚೂರಿನಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, "ಐದು ಬೋರ್ಡ್ ಬರ್ದೀನ್ರೀ ಸರ್, ರಾತ್ರಿ ಹಗಲು. ಈಗ ಅಳಿಸು ಅಂದ್ರ ಹ್ಯಾಂಗ್ರಿ? ಯಾರರ ಕಿರಾಣಿ ಅಂಗಡಿ ಬೋರ್ಡ್ ಆಗಿದ್ರ ಜಗಳ ತಗೀತಿದ್ದೆ," ಎಂದರು. ತೆಗೆದದ್ದು ಜಗಳವೇ.

"ಅಳಸಬ್ಯಾಡ ಖಾಸಿಂ. ಒಣಗಸು."

"ಕ್ಯಾ?"

"ಅದಽ ಬೋರ್ಡಿನ ಮ್ಯಾಲ ಗದ್ದಿ ಒಣಗಸು. ಎರಿ ಮಣ್ಣು ಬಿರುಕು ಬಿಡ್ಲಿ, ಜಾಲಿ ಬರ್ಲಿ. ಗುಬ್ಬಿ ಇದ್ದ ಜಾಗಾದಾಗ ಬರೀ ಬಿಳಿ ಗೆರಿ ಬಿಡು."

ಖಾಸಿಂ ಸಾಹೇಬರು ಅವರ ಮುಖವನ್ನೇ ನೋಡುತ್ತ ನಿಂತು, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದು ಕೂತರು. "ಕಪ್ಪು ಬಣ್ಣ ಬಾಳ ಬೇಕಾಗ್ತದ್ರಿ," ಎಂದರು.

ಪ್ರದರ್ಶನದಲ್ಲಿ ನಮ್ಮ ಮೇಜಿನ ಮುಂದೆ ಜನ ನಿಂತರು, ಆದರೆ ಒಂದಿಷ್ಟು ಗೊಂದಲದಿಂದ. ಬಹುಮಾನ ಕೊಡಲು ಬಂದಿದ್ದ ಸಾಹೇಬರು ಬಿರುಕು ಬಿಟ್ಟ ಕಪ್ಪು ಬೋರ್ಡುಗಳನ್ನು ನೋಡಿ, "ಮಾಸ್ತರೇ, ತಪ್ಪಾದದ್ದನ್ನ ಯಾಕೆ ತಂದಿಟ್ಟಿದ್ದೀರಿ? ಸರಿ ಇರೋದಷ್ಟೇ ಇಡಬಹುದಿತ್ತಲ್ಲ," ಎಂದರು.

"ಹಂಗಾದ್ರ ಮೂರ ಬೋರ್ಡ್ ಉಳೀತಾವ್ರಿ ಸರ್. ನಾವು ತಿಳಕೊಂಡದ್ದೆಲ್ಲಾ ಈ ಐದರಾಗ ಅದ," ಎಂದರು ನಮ್ಮ ಸರ್.

ಸಾಹೇಬರು ತಲೆಯಾಡಿಸಿ ಮುಂದೆ ಹೋದರು. ಮೊದಲ ಬಹುಮಾನ ಪಕ್ಕದ ಮೇಜಿಗೆ ಬಂತು. ಅದು ಅಣೆಕಟ್ಟಿನ ಮಾದರಿ. ಗುಂಡಿ ಒತ್ತಿದರೆ ಗೇಟು ಏಳುತ್ತಿತ್ತು, ನೀರು ಬರುತ್ತಿತ್ತು, ಬಲ್ಬು ಹತ್ತುತ್ತಿತ್ತು. ಸರ್ ಹೋಗಿ ಎರಡು ಸಲ ಗುಂಡಿ ಒತ್ತಿ, ಚೆನ್ನಾಗಿದೆ ಎಂದು ಬಂದರು.

ಮಧ್ಯಾಹ್ನ ನಮ್ಮಪ್ಪ ಬಂದ. ಒಗೆದ ರುಮಾಲು ಸುತ್ತಿಕೊಂಡು, ಕಲ್ಲೂರಿನಿಂದ. ನೀರ್ಗುಬ್ಬಿಯ ಬೋರ್ಡಿನ ಕೆಳಗೆ ಸರ್ ತಮ್ಮ ದುಂಡು ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದ್ದರು. ದೋಷ ತೋರಿಸಿಕೊಟ್ಟವರು ಎಂದು ಬರೆದು ಅವನ ಹೆಸರು, ಊರು, ಕಾಲುವೆ ಗ್ಯಾಂಗ್‌ಮನ್ ಎಂದು. ಇಡೀ ಮೇಜಿನ ಮೇಲೆ ಇದ್ದದ್ದು ಅದೊಂದೇ ಹೆಸರು. ಓದಿ ಹೇಳಿದೆ. ಅವನು ಹಿಗ್ಗಲಿಲ್ಲ. ಬಿರುಕು ಮಣ್ಣಿನ ನಡುವೆ ನಿಂತ ಬಿಳಿ ಗೆರೆಗಳನ್ನು, ಬೆನ್ನ ಮೇಲಿನ ಮರಿಗಳ ಗೆರೆಗಳನ್ನು ನೋಡಿ ನೋಡಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ. "ಇವನ್ನ ನಾ ಕೊಂದೆನೇನವ್ವಾ?"

ಸರ್ ಕೇಳಿಸಿಕೊಂಡರು. ಮೇಜು ಸುತ್ತಿ ಬಂದು ಅವನ ಪಕ್ಕ ನಿಂತರು.

"ಇಲ್ರೀ ಯಜಮಾನ್ರೇ. ನೀವು ವರ್ಷಾ ಹೂಳ ತೆಗದು ನೀರು ಬಿಟ್ರಿ ಅಂತ ಇವು ನಮ್ಮ ತಲ್ಯಾಗ ಹತ್ತು ವರ್ಷ ಬದುಕಿದ್ವು. ಅದು ನಮಗ ಗೊತ್ತಿರಲಿಲ್ಲ, ಅಷ್ಟ."

ನಮ್ಮಪ್ಪ ರುಮಾಲು ಸರಿಮಾಡಿಕೊಂಡು, ಏನಾದರೂ ಹೇಳಬೇಕಲ್ಲ ಎಂಬಂತೆ, "ಬೇಸಿಗ್ಯಾಗ ಕಾಲುವಿ ಬಂದ್ ಆದಾಗ ಬರ್ರಿ ಸರ್, ಹೂಳ ತೆಗಿಯೋದು ತೋರಸ್ತೀನಿ," ಎಂದ.

ನಿವೃತ್ತಿಯಾದ ಮರುವಾರ ಸರ್ ಕಲ್ಲೂರಿಗೆ ಹೋದರು. ನಾನೂ ಆಗ ತವರಿನಲ್ಲಿದ್ದೆ. ಖಾಲಿ ಕಾಲುವೆಯೊಳಗೆ ಗ್ಯಾಂಗಿನವರು ಸಾಲಾಗಿ ನಿಂತು ಬುಟ್ಟಿಗಳಲ್ಲಿ ಹೂಳು ದಾಟಿಸುತ್ತಿದ್ದರು. ಸರ್ ದಂಡೆಯ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿ, ಚಪ್ಪಲಿ ಬಿಟ್ಟು, ಪಂಚೆ ಮೇಲಕ್ಕೆ ಕಟ್ಟಿ ಕೆಳಗಿಳಿದರು. ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬಳು, "ಸರ್ ಬ್ಯಾಡ್ರಿ, ನಡಾ ಹಿಡೀತದ," ಎಂದು ನಕ್ಕಳು. "ಹಿಡೀಲಿ ಬಿಡವ್ವಾ," ಎಂದು ಅವಳ ಕೈಯಿಂದ ಬುಟ್ಟಿ ಇಸಿದುಕೊಂಡು, ಮುಂದಿದ್ದ ನಮ್ಮಪ್ಪನ ಕೈಗೆ ದಾಟಿಸಿದರು. ಆಮೇಲೆ ತಿರುಗಿ ಇನ್ನೊಂದಕ್ಕೆ ಕೈ ಚಾಚಿದರು.